ಹುಳಕ್ಕೆ ಅಳುವವನ ಪರವಾಗಿ

ದೀಪಾವಳಿಗೆ ಊರಿಗೆ ಬಂದಿದ್ದ ನಮ್ಮಕ್ಕನ ಮಗ ಎರಡು ದಿನ ಅನ್ನ ಮುಟ್ಟಲಿಲ್ಲ. ಕಾರಣ ಜಗಲಿಗೆ ತಲುಪಿದ್ದು ಮೂರನೆಯ ದಿನ. 'ನಾಯಿ ಸತ್ರೆ ಅಳ್ಲಿ, ಕರ ಸತ್ರೆ ಅಳ್ಲಿ. ಜೇಡರಹುಳಕ್ಕೆ ಅಳ್ತಾ ಕೂತವ್ನಲ್ಲಪ್ಪಾ!' ಎಂದು ಒಬ್ಬರು ಅಂದರು. ಉಳಿದವರು ನಕ್ಕರು. ನಮ್ಮದು ನೊಣವಿನಕೆರೆ ಕಡೆಯ ಊರು. ಹೆಸರಿನಲ್ಲೇ ನೊಣಕ್ಕೊಂದು ಕೆರೆ ಕೊಟ್ಟ ಸೀಮೆಯಲ್ಲಿ ಜೇಡಕ್ಕೆ ಒಂದು ಹನಿ ಕಣ್ಣೀರೂ ಹೆಚ್ಚಾಯಿತು.

ನಡೆದದ್ದು ಇಷ್ಟು. ಬೆಂಗಳೂರಿನಲ್ಲಿ ಓದುವ ಹುಡುಗ ಗಾಜಿನ ಪೆಟ್ಟಿಗೆಯಲ್ಲಿ ಒಂದು ಟರಾಂಟುಲಾ ಸಾಕಿದ್ದ. ಚಿಲಿ ದೇಶದ ತಳಿ, ಕಂದು ಮೈಗೆ ನಸುಗೆಂಪಿನ ರೋಮ, ಅಂಗೈಯಗಲ. ರಜೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ತಿಪಟೂರು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಮನೆಯ ಮಕ್ಕಳು ಸುತ್ತ ನೆರೆದವು. 'ಏನೂ ಮಾಡಲ್ಲ, ನನಗೆ ಒಗ್ಗಿದೆ' ಎಂದು ಮುಚ್ಚಳ ತೆಗೆದು ಅಂಗೈ ಮೇಲೆ ಬಿಟ್ಟುಕೊಂಡ. ಒಂದು ಮಗು ಕಿಟಾರನೆ ಕಿರುಚಿತು. ಜೇಡ ಮೊಳಕೈವರೆಗೆ ಸರಸರ ಏರಿ, ಅಲ್ಲಿಂದ ಗಾರೆ ನೆಲಕ್ಕೆ ಬಿತ್ತು. ನಾಲ್ಕಡಿ ಎತ್ತರವೂ ಇರಲಿಲ್ಲ. ಹೊಟ್ಟೆ ಸೀಳಿ ತಿಳಿನೀಲಿ ದ್ರವ ಜಿನುಗತೊಡಗಿತು. ಸಾಕುವವರು ಹೇಳಿಕೊಡುವಂತೆ ಹುಡುಗ ಮೆಕ್ಕೆಜೋಳದ ಹಿಟ್ಟು ಉದುರಿಸಿದ, ಫೆವಿಕ್ವಿಕ್ ಹಚ್ಚಿದ. ದನದ ಡಾಕ್ಟರಿಗೆ ಫೋನು ಮಾಡಿದ. ಅವರು ಮರ್ಯಾದೆಯಿಂದಲೇ ಇದು ತಮ್ಮ ಓದಿನಲ್ಲಿಲ್ಲ ಎಂದರು. ಮಾರನೆಯ ಬೆಳಿಗ್ಗೆ ಎಂಟೂ ಕಾಲು ಒಳಕ್ಕೆ ಮಡಚಿಕೊಂಡಿದ್ದವು, ಮುಷ್ಟಿ ಕಟ್ಟಿದ ಹಾಗೆ.

ಈ ಸಾವಿನ ಬಗ್ಗೆ ನಾನು ಎರಡು ತೀರ್ಪು ಕೇಳಿದೆ. ಜಗಲಿಯದು ಮೊದಲನೆಯದು: ನಮ್ಮನ್ನು ಗುರುತಿಸದ, ಕರೆದರೆ ಬಾರದ, ಬಾಲ ಅಲ್ಲಾಡಿಸದ ಹುಳಕ್ಕೆ ಅಳುವುದು ಪಟ್ಟಣದ ಹುಚ್ಚು. ಎರಡನೆಯದು ಹುಡುಗನ ಗೆಳೆಯರದು: ಅದು ಅವನನ್ನು ಗುರುತಿಸುತ್ತಿತ್ತು, ಅವನ ಕೈ ಮೇಲೆ ಮಾತ್ರ ತಣ್ಣಗಿರುತ್ತಿತ್ತು, ಆದ್ದರಿಂದಲೇ ಈ ದುಃಖ ನಿಜ. ಒಂದು ನಗು, ಇನ್ನೊಂದು ಮರುಕ. ಮೇಲುನೋಟಕ್ಕೆ ಪರಸ್ಪರ ವಿರುದ್ಧ. ಆದರೆ ಎರಡೂ ತೂಗಿದ್ದು ಒಂದೇ ತಕ್ಕಡಿಯಲ್ಲಿ. ನಮ್ಮನ್ನು ಗುರುತಿಸುವ ಜೀವಕ್ಕೆ ಮಾತ್ರ ಬೆಲೆ ಎಂಬುದು ಇಬ್ಬರೂ ಒಪ್ಪಿದ ಮಾತು. ಗುರುತಿಸುತ್ತದೋ ಇಲ್ಲವೋ ಎನ್ನುವುದರಲ್ಲಷ್ಟೇ ಜಗಳ. ನನ್ನ ತಕರಾರು ಆ ತಕ್ಕಡಿಯ ಮೇಲೆಯೇ. ಹುಡುಗನ ದುಃಖವನ್ನು ನಗೆಪಾಟಲು ಮಾಡಿದ್ದು ಅದು. ಅವನ ಜೇಡವನ್ನು ಕೊಂದದ್ದೂ ಅದೇ.

ಮೊದಲು ಜೇಡದ ಕಡೆಯಿಂದ ನೋಡೋಣ. ಟರಾಂಟುಲಾಗೆ ಎಂಟು ಕಣ್ಣಿವೆ, ಆದರೆ ದೃಷ್ಟಿ ಬಲು ಮಂದ. ಲೋಕ ಅದಕ್ಕೆ ತಿಳಿಯುವುದು ಕಾಲಿನ ರೋಮಗಳಿಗೆ ತಾಗುವ ಅದುರಿನಿಂದ, ಗಾಳಿಯ ಅಲುಗಾಟದಿಂದ, ಮುಟ್ಟಿದ್ದರ ರುಚಿಯಿಂದ. ನಮ್ಮ ಅಂಗೈ ಅದರ ಮಟ್ಟಿಗೆ ಬೆಚ್ಚಗಿನ, ಮಿಡಿಯುವ, ನಂಬಲಾಗದ ಒಂದು ನೆಲ. ಅದರ ಮೇಲೆ ಜೇಡ ಅಲ್ಲಾಡದೆ ಕೂತರೆ ನಾವು ನೆಮ್ಮದಿ ಎಂದು ಓದಿಕೊಳ್ಳುತ್ತೇವೆ. ಹುಲ್ಲಿನ ಮೆದೆಯಲ್ಲಿ ಹಾವು ಕಂಡ ಮನುಷ್ಯನೂ ಅಲ್ಲಾಡದೆ ನಿಲ್ಲುತ್ತಾನೆ. ಅದನ್ನು ಯಾರೂ ನೆಮ್ಮದಿ ಎನ್ನುವುದಿಲ್ಲ.

ಬೀಳುವುದರ ಬಗ್ಗೆಯೂ ನಮ್ಮಲ್ಲೊಂದು ತಪ್ಪು ನಂಬಿಕೆ ಇದೆ: ಹುಳ ಎಲ್ಲಿಂದ ಬಿದ್ದರೂ ಏನೂ ಆಗುವುದಿಲ್ಲ. ಇರುವೆಯ ಮಟ್ಟಿಗೆ ಅದು ಸರಿ. ಕೊನೆಗಾಲದಲ್ಲಿ ಭಾರತದ ಪೌರನಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಈ ಗಾತ್ರದ ಲೆಕ್ಕವನ್ನು ಒಂದು ಹೆಸರಾಂತ ಪ್ರಬಂಧದಲ್ಲಿ ಬಿಡಿಸಿ ಹೇಳಿದ್ದರು: ಮೈ ದೊಡ್ಡದಾದಷ್ಟೂ ಬೀಳುವುದು ಘಾತಕ. ನೆಲವಾಸಿ ಟರಾಂಟುಲಾ ಜೇಡಗಳ ಪೈಕಿ ಭಾರದ್ದು. ಅದರ ಮುಂಭಾಗಕ್ಕೆ ಗಟ್ಟಿ ಚಿಪ್ಪಿದೆ. ಹೃದಯವನ್ನು ಇಟ್ಟುಕೊಂಡಿರುವ ಹಿಂಭಾಗ ಮಾತ್ರ ನೀರು ತುಂಬಿದ ಬಲೂನಿನಂತೆ ತೆಳು. ಅದರ ರಕ್ತ ತಾಮ್ರದ ಅಂಶದ್ದು, ಆದ್ದರಿಂದ ನೀಲಿ. ಮುಖ್ಯ ಕೀಲುಗಳಲ್ಲಿ ಕಾಲನ್ನು ಮಡಚಲು ಜೇಡಕ್ಕೆ ಸ್ನಾಯುಗಳಿವೆ, ಚಾಚಲು ಇಲ್ಲ; ಈ ದ್ರವದ ಒತ್ತಡದಿಂದಲೇ ಕಾಲು ಚಾಚಿಕೊಳ್ಳಬೇಕು. ದ್ರವ ಸೋರಿದಂತೆ ಕಾಲು ಒಂದೊಂದಾಗಿ ಒಳಕ್ಕೆ ಮಡಚುತ್ತವೆ. ಹುಡುಗ ಬೆಳಿಗ್ಗೆ ಕಂಡ ಮುಷ್ಟಿ ಅದು. ಒಂದು ಕಾಲು ಮುರಿದಿದ್ದರೆ ಜೇಡ ಅದನ್ನು ಬುಡದಲ್ಲೇ ಕಳಚಿ ಎಸೆದು ಮುಂದಿನ ಪೊರೆಯಲ್ಲಿ ಹೊಸದು ಬೆಳೆಸಿಕೊಳ್ಳುತ್ತಿತ್ತು. ಸಣ್ಣ ಬಿರುಕಾಗಿದ್ದರೆ ಅಂಟು ಕೂಡ ಕಾಪಾಡುತ್ತಿತ್ತೇನೋ. ಹೊಟ್ಟೆ ಒಡೆದರೆ ದಾರಿಯಿಲ್ಲ.

ಅಂದರೆ ಅದು ಸತ್ತದ್ದು ನಿರ್ಲಕ್ಷ್ಯದಿಂದಲ್ಲ, ಪ್ರೀತಿಯಿಂದ. ಮುಚ್ಚಳ ತೆಗೆದ ಕೈಗೆ ಕೇಡಿನ ಮನಸ್ಸಿರಲಿಲ್ಲ. 'ಇದು ನನ್ನನ್ನು ಬಲ್ಲದು' ಎಂದು ನಾಲ್ಕು ಜನಕ್ಕೆ ತೋರಿಸುವ ಆಸೆ ಇತ್ತು. ನಾಯಿಗೆ ಒಪ್ಪುವ ಅಕ್ಕರೆಯನ್ನು ಜೇಡಕ್ಕೆ ತೊಡಿಸಲು ಹೋದದ್ದು ತಪ್ಪು. ಇದನ್ನು ಹುಡುಗನಿಗೆ ನಾನು ಮುಖಕ್ಕೇ ಹೇಳಿದೆ. ಆದರೆ ಜಗಲಿಯವರಿಗೂ ಹೇಳಬೇಕಾದ್ದಿದೆ, ಮತ್ತು ಅದು ಅವರ ತೋಟದಲ್ಲೇ ಇದೆ.

ತೆಂಗಿನ ಮರ ಯಾರನ್ನು ಗುರುತಿಸುತ್ತದೆ? ಸಸಿ ನೆಟ್ಟವನು ಆರೇಳು ವರ್ಷ ನೀರು ಹೊತ್ತು, ಪಾತಿ ಕಟ್ಟಿ, ಗೊಬ್ಬರ ಹಾಕಿ ಕಾಯುತ್ತಾನೆ. ಅಷ್ಟಾದ ಮೇಲೆ ಅದು ಮೊಮ್ಮಕ್ಕಳ ಕಾಲಕ್ಕೂ ಫಲ ಕೊಡುತ್ತದೆ, ನೆಟ್ಟವನ ಹೆಸರು ಕೇಳದೆ. ಮರಕ್ಕಿರುವುದು ಒಂದೇ ಸುಳಿ. ಸುಳಿ ಕೊಳೆತರೆ ಮರ ಹೋಯಿತು. ಕೆಂಪುಮೂತಿ ಹುಳ ಬಿದ್ದಿದೆಯೇ ಎಂದು ಕಾಂಡಕ್ಕೆ ಕಿವಿಯಿಟ್ಟು, ಒಳಗೆ ಮೆಲ್ಲುವ ಸದ್ದು ಕೇಳಿ ಬಿಳಿಚಿಕೊಂಡ ಮುಖಗಳನ್ನು ನಾನು ಕಂಡಿದ್ದೇನೆ. ಅಣಬೆ ರೋಗ ತಗುಲಿದ ಮರಗಳನ್ನು ಬುಡಸಮೇತ ಕೀಳಿಸಿದ ದಿನ ನಮ್ಮ ದೊಡ್ಡಪ್ಪ ತೋಟದಿಂದ ಬಂದವರು ಯಾರೊಡನೆಯೂ ಮಾತಾಡದೆ ಮಲಗಿದರು. ಆಗ ಯಾರೂ ನಗಲಿಲ್ಲ. ದುಡ್ಡಿನ ನಷ್ಟಕ್ಕೆ ಅತ್ತರು ಎಂದು ನೀವು ಅನ್ನಬಹುದು. ಆದರೆ ಫಲ ನಿಂತು ಹತ್ತು ವರ್ಷವಾದ ಮುದಿಮರವನ್ನೂ 'ಅಪ್ಪ ನೆಟ್ಟದ್ದು' ಎಂದು ಕಡಿಯದೆ ಬಿಟ್ಟವರೂ ಅವರೇ. ಹಾಗೇ ತಿಪಟೂರಿನ ಕೊನೇಹಳ್ಳಿ ಕಾವಲಿನ ಅಮೃತಮಹಲ್ ದನ. ಕಂಡವರ ಕೈ ನೆಕ್ಕುವ ಜಾಯಮಾನ ಅದರದಲ್ಲ. ಕೋಡು ಕಂಡರೆ ಹತ್ತು ಮಾರು ದೂರ ನಿಲ್ಲಬೇಕು. ಆ ತಳಿ ಕ್ಷೀಣಿಸುತ್ತಿದೆ ಎಂದರೆ ಇದೇ ಜಗಲಿ ಲೊಚಗುಟ್ಟುತ್ತದೆ. ಮರಳಿ ಗುರುತಿಸದ್ದನ್ನು ಸಾಕುವುದೂ ಅದಕ್ಕಾಗಿ ಮರುಗುವುದೂ ಈ ಸೀಮೆಗೆ ಹೊಸದೇನಲ್ಲ. ಎಂಟು ಕಾಲು ಕಂಡೊಡನೆ ಮರೆತುಬಿಡುತ್ತೇವೆ, ಅಷ್ಟೆ.

ಇನ್ನೊಂದು ಪಾಠ ಅಟ್ಟದ ಮೇಲಿದೆ. ತಿಪಟೂರಿನ ಉಂಡೆ ಕೊಬ್ಬರಿ ಬೆಂಕಿಯಲ್ಲಿ ಸುಟ್ಟದ್ದಲ್ಲ, ಬಿಸಿಲಲ್ಲಿ ಹರವಿದ್ದಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ನಡುವೆ ಆಸೆಗೆಟ್ಟು ಒಂದನ್ನು ಒಡೆದು ನೋಡಿದಿರೋ, ಆ ಕಾಯಿ ಕೆಟ್ಟಂತೆಯೇ. ಅದಕ್ಕೆ ಸಲ್ಲುವ ಆರೈಕೆ ಎಂದರೆ ಸೂರು ಸೋರದಂತೆ, ಇಲಿ ಹೊಗದಂತೆ ನೋಡಿಕೊಂಡು ತೆಪ್ಪಗಿರುವುದು. ಟರಾಂಟುಲಾ ಸಾಕುವುದೂ ಹೆಚ್ಚುಕಡಿಮೆ ಹೀಗೇ. ಪೊರೆ ಬಿಡುವ ಮುಂಚೆ ಅದು ವಾರಗಟ್ಟಲೆ ಉಣ್ಣುವುದಿಲ್ಲ. ಚಿಲಿಯ ಈ ತಳಿಯಂತೂ ತಿಂಗಳುಗಟ್ಟಲೆ ಉಪವಾಸಕ್ಕೆ ಹೆಸರಾದದ್ದು. ಆಮೇಲೊಂದು ದಿನ ಅಂಗಾತ ಮಲಗಿಬಿಡುತ್ತದೆ. ಹೊಸಬರು ಸತ್ತೇಹೋಯಿತೆಂದು ಗಾಬರಿಯಾಗಿ ಮಗುಚಿ ನೋಡುತ್ತಾರೆ. ಎಳೆಚರ್ಮ ಹರಿದು ಆಗ ನಿಜವಾಗಿಯೂ ಸಾಯಬಹುದು. ಕುಡಿಯಲು ನೀರು, ಅಡಗಲು ಗೂಡು, ವಾರಕ್ಕೊಂದು ಮಿಡತೆ ಇಟ್ಟು ಕೈ ಕಟ್ಟಿಕೊಂಡು ಕೂತರೆ ಹೆಣ್ಣು ಜೇಡ ಇಪ್ಪತ್ತು ವರ್ಷ ಬಾಳಬಲ್ಲದು. ಅಟ್ಟದ ಕಾಯಿಗೆ ತೋರುವ ತಾಳ್ಮೆಯನ್ನು ಹುಡುಗ ಇದಕ್ಕೆ ತೋರಲಿಲ್ಲ. ತಾಳ್ಮೆ ಬಲ್ಲ ಹಿರಿಯರು ಅವನಿಗದನ್ನು ಕಲಿಸಲೂ ಇಲ್ಲ. ನಕ್ಕು ಎದ್ದುಹೋದರು.

ಮುಟ್ಟದೆಯೂ ಜೇಡದೊಡನೆ ನಂಟು ಬೆಳೆಯಬಲ್ಲದೆ ಎಂಬ ಪ್ರಶ್ನೆಗೆ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಿಂದ ಉತ್ತರವಿದೆ. ಬಾರ್ಬರಾ ಯಾರ್ಕ್ ಮೇನ್ ಎಂಬ ಜೇಡತಜ್ಞೆ ಅಲ್ಲಿನ ಕುರುಚಲು ಕಾಡೊಂದರಲ್ಲಿ 1974ರಲ್ಲಿ ಮುಚ್ಚಳದ ಬಿಲ ತೋಡುವ ಜೇಡಗಳ ಅಧ್ಯಯನ ಶುರು ಮಾಡಿದರು. ಟರಾಂಟುಲಾಗಳ ದೂರದ ದಾಯಾದಿಗಳು ಇವು. ಒಂದೊಂದು ಬಿಲದ ಪಕ್ಕಕ್ಕೂ ಒಂದು ನಂಬರಿನ ಗೂಟ. ಹದಿನಾರನೆಯ ನಂಬರಿನ ಹೆಣ್ಣು ಅದೇ ಬಿಲದಲ್ಲಿ 43 ವರ್ಷ ಬಾಳಿತು; ಮನುಷ್ಯನಿಗೆ ಗೊತ್ತಿರುವ ಜೇಡಗಳಲ್ಲೇ ಅತಿ ದೀರ್ಘಾಯುಷಿ. 2016ರಲ್ಲಿ ಬಿಲದ ಮುಚ್ಚಳ ಕಣಜವೊಂದು ಕೊರೆದಂತೆ ತೂತಾಗಿತ್ತು, ಒಳಗೆ ಜೇಡವಿರಲಿಲ್ಲ. ಸುದ್ದಿ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳು ಅದಕ್ಕೆ ಮರಣವಾರ್ತೆ ಬರೆದವು. ಆ ಜೇಡವನ್ನು ಯಾರೂ ಅಂಗೈ ಮೇಲೆ ಆಡಿಸಿರಲಿಲ್ಲ. ಅದಕ್ಕೆ ಯಾರ ಗುರುತೂ ಇರಲಿಲ್ಲ. ನಾಲ್ಕು ದಶಕ ಯಾರೋ ಬಂದು ಇದ್ದೀಯಾ ಎಂದು ನೋಡಿಕೊಂಡು ಹೋದರು. ಅಷ್ಟು ಸಾಕಾಯಿತು.

ನಮ್ಮ ಕಾವ್ಯಶಾಸ್ತ್ರದಲ್ಲೂ ಈ ಜಗಳ ಹಳೆಯದು. ಪಶುಪಕ್ಷಿಗಳ ಶೃಂಗಾರವನ್ನು ರಸವಲ್ಲ, ರಸಾಭಾಸ ಎಂದ ಲಾಕ್ಷಣಿಕರಿದ್ದರು. ಜಗಲಿಯ ನಗು ಅದೇ ಜಾತಿಯದು: ಈ ಶೋಕ ಶೋಕವಲ್ಲ, ಶೋಕದ ಅಣಕ. ರಸವಿಚಾರವನ್ನು ಕನ್ನಡಕ್ಕೆ ತಿಳಿಯಾಗಿ ಬಡಿಸಿದ 'ಭಾರತೀಯ ಕಾವ್ಯಮೀಮಾಂಸೆ'ಯ ತೀ.ನಂ.ಶ್ರೀಕಂಠಯ್ಯನವರು ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಆ ಶಾಸ್ತ್ರದ ಪರಿಚಯ ಇರುವ ಯಾರಿಗೂ ಗೊತ್ತು, ಆದಿಕಾವ್ಯ ಹುಟ್ಟಿದ್ದು ಬಾಣ ತಗುಲಿ ಬಿದ್ದ ಒಂದು ಹಕ್ಕಿಯಿಂದ. ಕ್ರೌಂಚ ವಾಲ್ಮೀಕಿಯನ್ನು ಬಲ್ಲದಾಗಿರಲಿಲ್ಲ. ಅವರು ಸಾಕಿದ್ದೂ ಅಲ್ಲ. ಹಕ್ಕಿಗಾದರೆ ಸರಿ, ಜೇಡಕ್ಕೆಲ್ಲಿ ಎನ್ನುತ್ತೀರಾ? ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ರಾಹುಕೇತು ಪೂಜೆಗೆ ಹೋಗುವ ಶ್ರೀಕಾಳಹಸ್ತಿಯ ಹೆಸರಿನ ಮೊದಲ ಅಕ್ಷರವೇ ಜೇಡ. ಕಾಳ ಹಾವು, ಹಸ್ತಿ ಆನೆ, ಶ್ರೀ ಎಂದರೆ ಲಿಂಗದ ಮೇಲೆ ಬಲೆ ನೇಯ್ದು ದೀಪದ ಉರಿಗೆ ಎದುರಾದ ಜೇಡ. ಶಿವ ಮುಕ್ತಿ ಕೊಟ್ಟ ಜೇಡಕ್ಕೆ ಒಬ್ಬ ಹುಡುಗ ಕಣ್ಣೀರು ಕೊಟ್ಟರೆ ಯಾವ ಆಭಾಸ?

ಇಲ್ಲಿ ಎದ್ದು ಬರುವ ಆಕ್ಷೇಪ ನನಗೆ ಗೊತ್ತು. 'ಮನುಷ್ಯರಿಗೇ ಅಳುವವರಿಲ್ಲ. ಕೊಬ್ಬರಿ ಬೆಲೆ ಬಿದ್ದು ಸಾಲಗಾರ ಬಾಗಿಲಿಗೆ ಬಂದಾಗ ಯಾರು ಅತ್ತರು?' ಗಟ್ಟಿ ಪ್ರಶ್ನೆ. ಆದರೆ ಕರುಣೆ ಎಪಿಎಂಸಿಗೆ ಬರುವ ಚೀಲವಲ್ಲ, ಒಬ್ಬನಿಗೆ ತೂಗಿಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲು. ಅಂದು ನಕ್ಕವರು ರೈತನಿಗೆ ಅಳುತ್ತಿದ್ದವರು ನಡುವೆ ಬಿಡುವು ಮಾಡಿಕೊಂಡು ನಕ್ಕದ್ದೂ ಅಲ್ಲ. ಹುಳಕ್ಕೆ ಅಳಲು ಬಂದವನಿಗೆ ಮನುಷ್ಯನಿಗೆ ಅಳಲು ಬಾರದು ಎಂಬುದಕ್ಕೆ ನನ್ನ ಕಣ್ಣಿಗೆ ಬಿದ್ದ ಪುರಾವೆ ಒಂದೂ ಇಲ್ಲ.

ಪರಿಸರದ ಗೆಳೆಯರು ಇನ್ನೊಂದು ದಾರಿ ಹಿಡಿಯುತ್ತಾರೆ: ಜೇಡ ರೈತಮಿತ್ರ, ಕೀಟ ತಿನ್ನುತ್ತದೆ, ಆದ್ದರಿಂದ ಗೌರವಿಸಿ. ನನಗೆ ಇದೂ ಒಗ್ಗದು. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ನಮ್ಮ ಕಾಯಿಗಳನ್ನೆಲ್ಲ ಕಜ್ಜಿ ಹತ್ತಿದಂತೆ ಮಾಡಿದ ನುಸಿಯೂ ಜೇಡನ ಬಳಗದ್ದೇ. ನಾಲ್ಕೇ ಕಾಲಿನ, ಬರಿಗಣ್ಣಿಗೆ ಕಾಣದ ನೆಂಟ. ಉಪಯೋಗವೇ ಅಳತೆಯಾದರೆ ಒಬ್ಬ ನೆಂಟನಿಗೆ ಹಾರ, ಇನ್ನೊಬ್ಬನಿಗೆ ಔಷಧ. ತೋಟದ ಲೆಕ್ಕಕ್ಕೆ ಅದು ಸರಿ, ಇರಲಿ. ಚಿಲಿಯಿಂದ ಬಂದು ಗಾಜಿನ ಪೆಟ್ಟಿಗೆಯಲ್ಲಿದ್ದ ಜೇಡ ಮಾತ್ರ ನಮ್ಮ ಯಾವ ಹುಳವನ್ನೂ ತಿನ್ನಲಿಲ್ಲ. ಅದರಿಂದ ಯಾರಿಗೂ ಮೂರು ಕಾಸಿನ ಲಾಭವಿರಲಿಲ್ಲ. ಆದರೂ ಅದರ ಸಾವಿಗೆ ಒಬ್ಬ ಉತ್ತರ ಹೇಳಬೇಕಿತ್ತು. ಪೆಟ್ಟಿಗೆಯ ಮುಚ್ಚಳ ಅವನ ಕೈಲಿತ್ತು ಎನ್ನುವುದೊಂದೇ ಅದಕ್ಕೆ ಕಾರಣ. ಗುರುತು, ಉಪಯೋಗ, ಚೆಲುವು ಯಾವುದೂ ಇಲ್ಲದಿದ್ದರೂ ಉಳಿಯುವ ಈ ನಂಟಿಗೆ ನಮ್ಮಲ್ಲಿ ಒಂದು ಮಾತಿದೆ: ಹೊಣೆ. ನಮ್ಮ ಕಾನೂನೂ ಅದನ್ನು ಬಲ್ಲದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನೊಬ್ಬನನ್ನು ಬಿಟ್ಟು ಉಳಿದ ಯಾವ ಜೀವಿಯೂ ಪ್ರಾಣಿಯೇ. ಕಾಲೆಷ್ಟು ಎಂದು ಅದು ಎಣಿಸುವುದಿಲ್ಲ.

ಹೊಣೆ ಎಂದ ಮೇಲೆ ಅದು ಪೆಟ್ಟಿಗೆಗಿಂತ ಹಿಂದಕ್ಕೂ ಹೋಗಬೇಕು. 2021ರ ಜುಲೈನಲ್ಲಿ ಚೆನ್ನೈನ ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನ ಒಂದು ಪಾರ್ಸಲ್ ಬಿಚ್ಚಿದಾಗ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹತ್ತಿಯ ನಡುವೆ 107 ಜೀವಂತ ಜೇಡಗಳಿದ್ದವು. ಅಂಗೈ ಮೇಲೆ ಆಡಿಸುವ ಆಸೆ ಸಂತೆಗೆ ಇಳಿದರೆ ಹೀಗೆ ಕಾಣುತ್ತದೆ. ವ್ಯಾಪಾರ ಒಮ್ಮುಖದ್ದೂ ಅಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಪೋಕಾಕ್ 1895ರಲ್ಲಿ ಹೆಸರಿಟ್ಟ ನಮ್ಮ ಮರವಾಸಿ ಟರಾಂಟುಲಾ ಒಂದು 'ಮೈಸೂರು' ಎಂಬ ವಿಶೇಷಣ ಹೊತ್ತು ವಿದೇಶದ ಗಾಜಿನ ಪೆಟ್ಟಿಗೆಗಳಲ್ಲಿದೆ. 1899ರಲ್ಲಿ ಅವನೇ ವಿವರಿಸಿದ ನೀಲಮಣಿಯಂಥ ಜೇಡ ಸಿಕ್ಕಿದ್ದು ಬಳ್ಳಾರಿಯ ಆಚೆಯ ಗುತ್ತಿಯಲ್ಲಿ, ರೈಲ್ವೆಯ ಮರಮುಟ್ಟಿನ ನಡುವೆ. ಇಂದು ಅದು ಅಳಿವಿನ ಅಂಚಿನಲ್ಲಿದೆ. ಇವೆರಡೂ ಸೇರಿದ ಕುಲದ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದದ ಕಡಿವಾಣ ಬಿದ್ದದ್ದು 2019ರಲ್ಲಿ. ಆ ಪಟ್ಟಿಯ ಜೀವಿಗಳನ್ನು ಸಾಕುವವರು ನೋಂದಾಯಿಸಬೇಕು ಎಂಬ ನಿಯಮ ನಮ್ಮಲ್ಲೂ ಬಂದಿದೆ. ಹೊರದೇಶದವನು ಮೈಸೂರಿನ ಹೆಸರು ಹೇಳಿ ಕಾಸು ಕೊಡುವ ಬಳಗವನ್ನು ನಾವು ಪೊಟರೆಯಲ್ಲಿ ಕಂಡರೆ ಪೊರಕೆಯಿಂದ ಬಡಿಯುತ್ತೇವೆ. ಅವನದು ಹಿಡಿಯುವ ಕೈ, ನಮ್ಮದು ಬಡಿಯುವ ಕೈ. ಸುಮ್ಮನೆ ಬಿಡುವ ಕೈ ಎರಡೂ ಕಡೆ ಕಾಣದು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ನಿನ್ನ ಅಳು ಸರಿ, ಅದಕ್ಕೆ ನೀನು ಕೊಡುವ ಕಾರಣ ತಪ್ಪು. ಅದು ನಿನ್ನನ್ನು ಬಲ್ಲದಾಗಿತ್ತು ಎಂದು ಅಳಬೇಡ. ಅದನ್ನು ನೀನು ಬಲ್ಲವನಾಗಬೇಕಿತ್ತು, ಆಗಲಿಲ್ಲ ಎಂದು ಅಳು. ಅವನು ಒಪ್ಪಿದ ಹಾಗೆ ಕಾಣಲಿಲ್ಲ. ಇನ್ನೊಂದು ತರುವುದಿಲ್ಲ ಎಂಬ ಮಾತೂ ಕೊಡಲಿಲ್ಲ.

ಸಂಕ್ರಾಂತಿಗೆ ಬಂದಾಗ ಮಕ್ಕಳು ಮತ್ತೆ ಸುತ್ತಿಕೊಂಡವು. ಅವನು ಬ್ಯಾಗಿನಿಂದ ಒಂದು ಸ್ವೀಟಿನ ಡಬ್ಬಿ ತೆಗೆದ. ಹತ್ತಿಯ ಮೇಲೆ ಜೇಡ ಕೂತಿತ್ತು: ಎಂಟು ಕಾಲು, ನಸುಗೆಂಪು ರೋಮ, ಎರಡು ಕರಿ ಹಲ್ಲು. ನಾನೂ ಒಂದು ಗಳಿಗೆ ಬೆಚ್ಚಿದೆ. ಸತ್ತ ಜೇಡ ಅದೇ ವರ್ಷ ಕಳಚಿಟ್ಟಿದ್ದ ಪೊರೆ ಅದು. ಉಸಿರು ಬಿಟ್ಟರೆ ಅದುರುವಷ್ಟು ಹಗುರ. 'ಇದನ್ನ ಹಿಡ್ಕೋಬಹುದು' ಎಂದು ಅಂದು ಕಿರುಚಿದ್ದ ಮಗುವಿನ ಅಂಗೈ ಮೇಲೆ ಇಟ್ಟ. ಮಗು ಬಹಳ ಹೊತ್ತು ಹಿಡಿದುಕೊಂಡಿತು. ಕೈ ನಡುಗಿ ಪೊರೆ ಅದೇ ಗಾರೆ ನೆಲಕ್ಕೆ ಬಿತ್ತು. ಏನೂ ಆಗಲಿಲ್ಲ. ಹುಡುಗ ಬಗ್ಗಿ ಎತ್ತಿ, ಊದಿ, ಮತ್ತೆ ಹತ್ತಿಯ ಮೇಲಿಟ್ಟ.